ಪೆನ್ಸಿಲ್ ಹಿಡಿದು ಎರಡನೇ ಓದು

ಕತೆ ಬರೆಯಲು ಒದ್ದಾಡುತ್ತಿದ್ದ ದಿನಗಳಲ್ಲಿ ನನಗೆ ಸಿಗುತ್ತಿದ್ದ ಸಲಹೆ ಒಂದೇ: ಇನ್ನೂ ಓದು. ಓದುತ್ತಲೇ ಇದ್ದೆ. ವಾರಕ್ಕೆ ಎರಡು ಪುಸ್ತಕ ಮುಗಿಸಿದರೂ ನನ್ನ ಕತೆಗಳು ಇದ್ದಲ್ಲೇ ಇದ್ದವು. ಓದಿದ್ದು ಮನಸ್ಸಿಗೆ ಇಳಿಯುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ.

ಆಗ ಒಂದು ಸಣ್ಣಕತೆ ಓದಿ ಕಣ್ಣು ತುಂಬಿ ಬಂತು. ಮಗನನ್ನು ಕಳೆದುಕೊಂಡ ತಾಯಿಯ ಕತೆ. ನನ್ನನ್ನು ಅಳಿಸಿದ ವಾಕ್ಯ ಯಾವುದು ಅಂತ ನೋಡಲು ಪುಟ ಹಿಂದಕ್ಕೆ ತಿರುಗಿಸಿದೆ. ಅವಳು ಬಿಕ್ಕಿ ಬಿಕ್ಕಿ ಅಳುವ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಪುಟದಲ್ಲಿ ಅದು ಇರಲೇ ಇಲ್ಲ. ಇದ್ದದ್ದು ಇಷ್ಟೆ: ಅವಳು ಏಳುತ್ತಾಳೆ, ಕಿಟಕಿ ಮುಚ್ಚುತ್ತಾಳೆ, ಚಿಲಕ ಹಾಕುತ್ತಾಳೆ. ಇದರಲ್ಲಿ ಅಳುವಂಥದ್ದು ಏನಿದೆ? ಇನ್ನೂ ಹಿಂದಕ್ಕೆ ಹೋದೆ. ಆರು ಪುಟಗಳ ಹಿಂದೆ, ಮಳೆಯ ಮಾತಿನ ನಡುವೆ, ಮಗ ತಡರಾತ್ರಿ ಕಿಟಕಿ ಹತ್ತಿ ಒಳಗೆ ಬರುತ್ತಿದ್ದ ಅನ್ನುವುದು ಬಂದುಹೋಗಿತ್ತು. ತಾಯಿ ಬೇಕೆಂದೇ ಚಿಲಕ ಹಾಕದೆ ಮಲಗುತ್ತಿದ್ದಳು ಅನ್ನುವುದು ಇನ್ನೆಲ್ಲೋ ಅರ್ಧ ವಾಕ್ಯದಲ್ಲಿತ್ತು. ಮೊದಲ ಓದಿನಲ್ಲಿ ಎರಡನ್ನೂ ನಾನು ಗಮನಿಸಿಯೇ ಇರಲಿಲ್ಲ. ಆದರೂ ಅವು ಒಳಗೆ ಕೂತು ಕೆಲಸ ಮಾಡಿದ್ದವು.

ಅವತ್ತಿನಿಂದ ನನ್ನ ಓದು ಬದಲಾಯಿತು. ಮೊದಲ ಸಲ ಕೈಯಲ್ಲಿ ಏನೂ ಹಿಡಿಯದೆ, ಬರಿ ಓದುಗನಾಗಿ ಓದುತ್ತೇನೆ. ಇದನ್ನು ಬಿಡಬಾರದು ಅನ್ನುವುದು ಪೆಟ್ಟು ತಿಂದು ಕಲಿತದ್ದು. ಆರಂಭದಲ್ಲಿ ಮೊದಲ ಓದಿಗೇ ಪೆನ್ಸಿಲ್ ಹಿಡಿದು ಕೂತು, ಕೆಲವು ತಿಂಗಳು ಯಾವ ಪುಸ್ತಕವೂ ರುಚಿಸದ ಹಾಗಾಗಿತ್ತು. ಎರಡನೇ ಓದಿಗೆ ಪೆನ್ಸಿಲ್. ಮನಸ್ಸು ಕಲಕಿದ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಹಿಂದಕ್ಕೆ ನಡೆಯುತ್ತೇನೆ. ಬೇಸರ ಬಂದು ಸಾಲು ಹಾರಿಸಿದ ಜಾಗಕ್ಕೂ ಒಂದು ಗೆರೆ. ಆ ಗೆರೆಗಳು ಬಹಳ ಸಲ ನನ್ನದೇ ಬರವಣಿಗೆಯ ತಪ್ಪುಗಳನ್ನು ತೋರಿಸಿವೆ.

ಹೆಚ್ಚು ಕಲಿತದ್ದು ಕ್ರಿಯಾಪದಗಳಿಂದ. ‘ಎದ್ದು, ಮುಖ ತೊಳೆದು, ಬಾಗಿಲು ತೆಗೆದು ಹೊರಗೆ ಬಂದಳು’ ಅಂದರೆ ಅದೊಂದು ಸಾಮಾನ್ಯ ಬೆಳಗು. ಓದುವವರು ‘ಬಂದಳು’ವಿನ ತನಕ ಎಲ್ಲೂ ನಿಲ್ಲುವುದಿಲ್ಲ. ‘ಎದ್ದಳು. ಮುಖ ತೊಳೆದಳು. ಬಾಗಿಲು ತೆಗೆದಳು’ ಅಂದರೆ ಪ್ರತಿ ಹೆಜ್ಜೆಗೂ ಭಾರ ಬರುತ್ತದೆ, ಏನೋ ಆಗಲಿದೆ ಅನ್ನಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯವನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಹರಿಯಬಿಡಬೇಕು ಅನ್ನುವುದು ಬರೆಯುವವರ ಕೈಯಲ್ಲಿರುವ ದೊಡ್ಡ ಸಲಕರಣೆ. ಕಿಟಕಿಯ ಕತೆಯವರು ಏಳೆಂಟು ಪುಟ ‘ಹೋಗಿ, ಬಂದು, ಮಾಡಿ’ಗಳಲ್ಲಿ ಓಡಿಸಿ, ಚಿಲಕದ ಜಾಗದಲ್ಲಿ ಮಾತ್ರ ಮೂರು ಪೂರ್ಣವಿರಾಮ ಇಟ್ಟಿದ್ದರು. ಅದು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಮನಿಸುವುದು ಒಂದು, ಮಾಡಿ ನೋಡುವುದು ಇನ್ನೊಂದು. ಇಲ್ಲಿ ನನಗೆ ನೆರವಾದದ್ದು ಹದಿನೆಂಟನೇ ಶತಮಾನದ ಅಮೆರಿಕದ ಲೇಖಕ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಅಭ್ಯಾಸ. ಹುಡುಗನಾಗಿದ್ದಾಗ, 1711ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಸ್ಪೆಕ್ಟೇಟರ್’ ಪತ್ರಿಕೆಯ ಲೇಖನಗಳನ್ನು ಓದಿ, ಒಂದೊಂದು ವಾಕ್ಯದ ಭಾವಕ್ಕೂ ಚುಟುಕು ಟಿಪ್ಪಣಿ ಮಾಡಿಟ್ಟುಕೊಳ್ಳುತ್ತಿದ್ದ. ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ, ಟಿಪ್ಪಣಿಯಿಂದಲೇ ಇಡೀ ಲೇಖನವನ್ನು ತನ್ನ ಮಾತಿನಲ್ಲಿ ಬರೆದು ಮೂಲದ ಜೊತೆ ಹೋಲಿಸುತ್ತಿದ್ದ. ಒಮ್ಮೊಮ್ಮೆ ಟಿಪ್ಪಣಿಗಳನ್ನು ಕಲಸಿಟ್ಟು, ವಾರಗಳಾದ ಮೇಲೆ ಸರಿಯಾದ ಕ್ರಮಕ್ಕೆ ತರಲು ಪ್ರಯತ್ನಿಸುತ್ತಿದ್ದ.

ನಾನು ಕಿಟಕಿಯ ದೃಶ್ಯವನ್ನೇ ತೆಗೆದುಕೊಂಡೆ. ಹತ್ತು ದಿನ ಬಿಟ್ಟು ಬರೆದೆ. ಮೂಲದಲ್ಲಿ ಅರ್ಧ ಪುಟ ಇದ್ದದ್ದು ನನ್ನಲ್ಲಿ ಒಂದೂವರೆ ಪುಟ ಆಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು, ಮೂಲದಲ್ಲಿ ಇಲ್ಲದ್ದನ್ನೆಲ್ಲ ಅಡಿಗೆರೆ ಹಾಕುತ್ತ ಹೋದೆ. ‘ಅವಳಿಗೆ ಸಂಕಟವಾಯಿತು’, ‘ಎದೆ ಭಾರವಾಯಿತು’, ‘ಮಗನ ನೆನಪು ಕಾಡಿತು’. ಕಿಟಕಿ ಮುಚ್ಚಿದ ಮೇಲೂ ಅದು ಯಾಕೆ ಅಂತ ವಿವರಿಸಿದ್ದೆ. ಓದುವವರ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ ಅನ್ನುವುದು ಆ ಅಡಿಗೆರೆಗಳಲ್ಲಿ ಕಂಡಿತು. ಯಾವ ವಿಮರ್ಶಕರು ಹೇಳಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಬೇರೆಯವರ ಪುಟವನ್ನು ಕೈಯಿಂದ ನಕಲು ಮಾಡುವುದನ್ನೂ ಒಂದಷ್ಟು ದಿನ ಮಾಡಿದ್ದೇನೆ. ಲಯ ಕಿವಿಗೆ ಹತ್ತಲು ಅದು ಒಳ್ಳೆಯದು, ಆದರೆ ನನಗೆ ಜೋರಾಗಿ ಓದಿಕೊಳ್ಳುವುದೇ ಹೆಚ್ಚು ಕೊಟ್ಟಿತು. ಸಂಭಾಷಣೆಯನ್ನಂತೂ ಬಾಯಿಬಿಟ್ಟು ಓದಲೇಬೇಕು. ‘ಅಂದ’, ‘ಅಂದಳು’ ಇಲ್ಲದೆಯೂ ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತಿದ್ದರೆ, ಹೇಗೆ ಗೊತ್ತಾಯಿತು ಅಂತ ಅಲ್ಲೇ ನಿಂತು ಹುಡುಕುತ್ತೇನೆ.

ಆ ಕತೆಯನ್ನು ಇಲ್ಲಿಯವರೆಗೆ ಒಂಬತ್ತು ಸಲ ಓದಿದ್ದೇನೆ. ನಡುವೆ ಪಕ್ಕದ ಮನೆಯವರು ಏಣಿ ಕೇಳಲು ಬರುವ ಒಂದು ಪ್ಯಾರಾ ಇದೆ. ಅದನ್ನು ತೆಗೆದು ಓದಿ ನೋಡಿದೆ, ಕತೆ ಸಪ್ಪೆಯಾಯಿತು. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.