ತಲಪಾಡಿ ದಾಟಿ ಒಂದು ದಿನ: ಮಂಜೇಶ್ವರ, ಚಂದ್ರಗಿರಿ, ಬಾಯಾರಿನ ಸುರಂಗ

ಕಾಸರಗೋಡಿನ ಕಡೆ ಒಂದು ದಿನ ತಿರುಗಾಡಿ ಬರುತ್ತೇನೆ ಎಂದರೆ ಮಂಗಳೂರಿನಲ್ಲಿ ಯಾರೂ ಹೇಳುವುದು ಬೇಕಲ ಕೋಟೆಯನ್ನೇ. ಮೊದಲ ಸಲ ನಾನೂ ಅಲ್ಲಿಗೇ ಹೋಗಿದ್ದೆ. 40 ಎಕರೆಯ ಕೋಟೆಯನ್ನು ಉರಿಬಿಸಿಲಲ್ಲಿ ಸುತ್ತಿ ತಲೆನೋವು ಹಚ್ಚಿಕೊಂಡು ಬಂದೆ. ದಾರಿಯ ಊರುಗಳೆಲ್ಲ ಕಿಟಕಿಯಲ್ಲೇ ಕಳೆದುಹೋದವು. ಈ ಸಲ ಬೇಕಲ ಕೈಬಿಟ್ಟೆ. ಚಂದ್ರಗಿರಿ ಹೊಳೆಯವರೆಗೆ ಹೋಗಿ, ಹಿಂದೆ ತಿರುಗಿ ಬಾಯಾರಿನ ತೋಟವೊಂದರಲ್ಲಿ ಸಂಜೆ ಕಳೆಯುವುದೆಂದು ನಿಶ್ಚಯಿಸಿದೆ.

ಕಾರು ಬೇಡವೆಂದು ಬಸ್ಸು ಹತ್ತಿದ್ದಕ್ಕೆ ಕಾರಣವಿತ್ತು. 1956ರ ನವೆಂಬರ್ 1ರಂದು ಕರ್ನಾಟಕ, ಕೇರಳದ ನಡುವೆ ಎಳೆದ ಗೆರೆ ತಲಪಾಡಿಯಲ್ಲಿದೆ. ಜನರ ಮಾತು ಬದಲಾಗುವುದು ಎಲ್ಲಿ? ಅದನ್ನು ಕಿವಿಯಾರೆ ಕೇಳಿ ತಿಳಿಯಬೇಕಿತ್ತು. ಬೆಳಿಗ್ಗೆ ಏಳರ ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿದೆ. ತಲಪಾಡಿ ದಾಟುತ್ತಲೇ ಬೋರ್ಡುಗಳಲ್ಲಿ ಮಲಯಾಳಂ ಮೇಲೆ ಬಂತು. ಬಸ್ಸಿನೊಳಗೆ ಮಾತ್ರ ಅದೇ ತುಳು, ಅದೇ ಬ್ಯಾರಿ, ಮುಂದಿನ ಸೀಟಿನ ಇಬ್ಬರು ಹೆಂಗಸರ ಅದೇ ಕೊಂಕಣಿ. ಮಾತು ನಡುವೆ ಒಂದು ಉಸಿರಿನಷ್ಟೂ ನಿಲ್ಲಲಿಲ್ಲ.

ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆಗೆ ನಡೆದೆ. ಅದೀಗ 'ಗಿಳಿವಿಂಡು' ಎಂಬ ಸ್ಮಾರಕ. ನಾನು ಹೋದಾಗ ಬಾಗಿಲು ತೆಗೆದಿರಲಿಲ್ಲ, ಕಾದೆ. ನೀವು ಹೋಗುವುದಾದರೆ ಸಮಯ ವಿಚಾರಿಸಿಕೊಂಡು ಹೋಗಿ. ಕನ್ನಡ ಕವಿತೆಗೆ ದ್ವಿತೀಯಾಕ್ಷರ ಪ್ರಾಸ (ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರುವುದು) ಇರಲೇಬೇಕೆನ್ನುವ ಕಾಲದಲ್ಲಿ, 1911ರಲ್ಲೇ, ಅದನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದವರು ಅವರು. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1963ರಲ್ಲಿ ತೀರಿಕೊಂಡರು. ಎಂದರೆ ಕೊನೆಯ ಏಳು ವರ್ಷ ಅವರು ಕೇರಳದವರು. ಅವರು ಮನೆ ಬದಲಿಸಲಿಲ್ಲ, ಮನೆಯ ರಾಜ್ಯ ಬದಲಾಯಿತು. ಅಂಗಳದಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಅಲ್ಲಿಂದ ಆಟೋದಲ್ಲಿ ಅನಂತಪುರ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಮುಚ್ಚುವ ಮೊದಲೇ ತಲುಪುವ ಹಾಗೆ ನೋಡಿಕೊಳ್ಳಿ. ಸುತ್ತ ಬೋಳು ಪದವು (ಗುಡ್ಡದ ಮೇಲಿನ ಕಲ್ಲು ಬಯಲು), ಅದರ ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ದೇವಸ್ಥಾನ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನ ಎಂಬುದು ನಂಬಿಕೆ. ಈ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಊರಿಗೆ ಊರೇ ಬಂದು ಕಣ್ಣೀರಿಟ್ಟಿತ್ತು. ನಾನು ಹೆಚ್ಚು ಹೊತ್ತು ನೋಡಿದ್ದು ನೀರನ್ನು. ಇಷ್ಟು ಒಣಗಿದ ಮುರಕಲ್ಲ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದಲ್ಲಿ ಇಷ್ಟು ನೀರು ಎಲ್ಲಿಂದ? ಉತ್ತರ ಸಂಜೆ ಸಿಕ್ಕಿತು.

ಕಾಸರಗೋಡು ಪೇಟೆಯಲ್ಲಿ ಊಟ ಮುಗಿಸಿ ಚಂದ್ರಗಿರಿ ಕೋಟೆಗೆ ಹೋದೆ. ಕೆಳದಿಯ ನಾಯಕರ ಕಾಲದ ಕೋಟೆ, ಹೊಳೆಯ ದಕ್ಷಿಣ ದಡದ ಗುಡ್ಡದ ಮೇಲಿದೆ. ಪೇಟೆಯಲ್ಲಿ ಕನ್ನಡದಲ್ಲಿ ದಾರಿ ಕೇಳಿದ್ದೆ, ಕನ್ನಡದಲ್ಲೇ ಹೇಳಿದ್ದರು. ಸೇತುವೆ ದಾಟಿ ಕೇಳಿದಾಗ ಉತ್ತರ ಮಲಯಾಳಂನಲ್ಲಿ ಬಂತು. ಒಬ್ಬಿಬ್ಬರನ್ನು ಕೇಳಿ ತೀರ್ಮಾನ ಮಾಡಬಾರದು, ನಿಜ. ಆದರೂ ಈ ಹೊಳೆಯೇ ತುಳುನಾಡಿನ ಹಳೆಯ ತೆಂಕಣ ಎಲ್ಲೆ. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಕರ್ನಾಟಕಕ್ಕೆ ಸೇರಬೇಕೆಂದದ್ದೂ ಇದರ ಉತ್ತರದ ಭಾಗವನ್ನೇ. ಕೋಟೆಯ ಮೇಲಿಂದ ಹೊಳೆ ಸಮುದ್ರ ಸೇರುವ ಕಡೆ ಕಾಣುತ್ತದೆ. ಬೇಕಲದಷ್ಟು ಜನ ಇಲ್ಲಿಲ್ಲ. ನನಗೆ ಇದೇ ಹೆಚ್ಚು ಇಷ್ಟವಾಯಿತು.

ಅಲ್ಲಿಂದ ಉಪ್ಪಳಕ್ಕೆ ಬಂದು ಬಾಯಾರಿನ ಬಸ್ಸು ಹಿಡಿದೆ. ಗೆಳೆಯನ ಸೋದರಮಾವನ ಅಡಿಕೆ ತೋಟ. ಮೆಟ್ಟಿಲು ಹತ್ತುವ ಮೊದಲೇ "ಆಸರಿಂಗೆ ಎಂತ ಅಕ್ಕು?" (ಕುಡಿಯಲು ಏನು ಬೇಕು?) ಎಂದು ಹವ್ಯಕ ಕನ್ನಡದಲ್ಲಿ ಕೇಳಿ, ಬೆಲ್ಲದ ಜೊತೆ ತಂಬಿಗೆಯಲ್ಲಿ ನೀರು ತಂದಿಟ್ಟರು. ತಣ್ಣಗಿತ್ತು. "ಬಾವಿಯದ್ದಾ ಮಾವ?" ಎಂದೆ. "ಸುರಂಗದ್ದು. ಬನ್ನಿ, ತೋರಿಸ್ತೇನೆ" ಎಂದು ಟಾರ್ಚು ತೆಗೆದುಕೊಂಡರು.

ತೋಟದ ಹಿಂದೆ ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ತಲೆತಗ್ಗಿಸಿ ನುಗ್ಗುವಷ್ಟು ಕಿಂಡಿ. ಒಳಗೆ ಎರಡು ತೋಳು ಚಾಚಲು ಜಾಗವಿಲ್ಲ. ಪಾದ ಮುಳುಗುವಷ್ಟು ನೀರು, ಅಡಿಯಲ್ಲಿ ನುಣ್ಣನೆಯ ಕೆಸರು. ಟಾರ್ಚಿನ ಬೆಳಕಿಗೆ ಗೋಡೆಯಲ್ಲಿ ಪಿಕ್ಕಾಸಿನ ಗುರುತುಗಳು ಕಂಡವು, ಒಂದರ ಪಕ್ಕ ಒಂದು, ಎಲ್ಲ ಒಂದೇ ವಾಲಿಗೆ. ಮುರಕಲ್ಲಿನ ತೂತುಗಳಲ್ಲಿ ಹನಿ ಕೂಡಿ, ದಪ್ಪವಾಗಿ, ತಡೆಯಲಾರದೆ ಜಾರುತ್ತಿತ್ತು. ಪದವಿನ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು ಇಲ್ಲಿ ಒಸರುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ. ನೀರು ತಾನಾಗಿ ಹರಿದು ಬರುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಕಾಂಡದಲ್ಲಿ) ಕೆರೆಗೆ ಬಿಡುತ್ತಿದ್ದರಂತೆ, ಈಗ ಪೈಪು.

ಸುರಂಗದ ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೋಲು ಎರಡೂವರೆ ಅಡಿಗೆ ಹತ್ತಿರ. ಅಗೆಯುವವರು ಒಳಗೆ ದೀಪ ಇಟ್ಟುಕೊಂಡಿರುತ್ತಿದ್ದರು. ದೀಪ ಮಂಕಾದರೆ ಗಾಳಿ ಸಾಲದೆಂದು ಹೊರಗೆ ಬರಬೇಕು. ತೀರಾ ಉದ್ದದ್ದಾದರೆ ಮೇಲಿಂದ ಗಾಳಿಕಿಂಡಿ ಕೊರೆಯುತ್ತಾರೆ. ಮಾವ ಟಾರ್ಚು ಆರಿಸಿ "ಕೇಳಿ" ಎಂದರು. ಹನಿ ಬೀಳುವ ಶಬ್ದ ಹತ್ತಿರದಲ್ಲಿ ಒಂದು, ಆಮೇಲೆ ಎಷ್ಟೋ ಒಳಗೆ ಇನ್ನೊಂದು.

ಮಳೆಗಾಲದಲ್ಲಿ ಒಳಗೆ ಹೋಗಬೇಡಿ, ಮಣ್ಣು ಕುಸಿಯುವ ಭಯವಿದೆ. ಮನೆಯವರನ್ನು ಬಿಟ್ಟು ಒಬ್ಬರೇ ಅಂತೂ ಬೇಡವೇ ಬೇಡ. ಬಾಯಾರಿಗೆ ಹೋದ ಕೂಡಲೇ ಉಪ್ಪಳಕ್ಕೆ ಕೊನೆಯ ಬಸ್ಸು ಎಷ್ಟಕ್ಕೆಂದು ಕೇಳಿಕೊಳ್ಳಿ. ನಾನು ಕೇಳಿಕೊಂಡಿರಲಿಲ್ಲ. ಮಾವ ಕತ್ತಲಲ್ಲಿ ತಮ್ಮ ಬೈಕಿನಲ್ಲಿ ಉಪ್ಪಳದವರೆಗೆ ಬಿಟ್ಟರು, ನನ್ನ ಬಾಟಲಿಗೆ ಸುರಂಗದ ನೀರು ತುಂಬಿಸಿಯೇ.