ಕೆಂಪು ದೀಪ ಹತ್ತದ ಹೋಳಿ ಮಿಕ್ಸ್: ನನ್ನ ಅನುಭವ

ಸದ್ದು ಮಿತಿ ಮೀರಿತೆಂದು ಹೇಳುವ ಕೆಂಪು ದೀಪ ಹತ್ತದಂತೆ ಲೆವೆಲ್ ಇಷ್ಟು ಇಳಿಸಿ ರೆಕಾರ್ಡ್ ಮಾಡಿದರೆ ಕಾರಿನಲ್ಲಿ ಕೇಳಿಸುವುದೇ ಇಲ್ಲವೆಂದು ನಕ್ಕಿದ್ದ ಬಾಗಲಕೋಟೆಯ ಜೊತೆಗಾರರೇ ಈ ಸಲದ ಹೋಳಿ ಮಿಕ್ಸನ್ನು (ಓಣಿಯಲ್ಲಿ ನಾನು ಒಂದರ ಹಿಂದೊಂದು ಬೆರೆಸಿ ಹಾಕಿದ ಹಾಡುಗಳ ರೆಕಾರ್ಡಿಂಗು) ನನ್ನಿಂದ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋದರು.

ಈ ಹಂತಕ್ಕೆ ಬರಲು ಮೂರು ಹೋಳಿಗಳು ಹಿಡಿದವು. ಮೊದಲ ವರ್ಷ ಮಿಕ್ಸರ್‌ನ ತಂತಿಯನ್ನು ಲ್ಯಾಪ್‌ಟಾಪ್‌ನ ಮೈಕ್ ಕಿಂಡಿಗೆ ಚುಚ್ಚಿ, ಒಂದೇ ಚಾನೆಲ್ಲಿನ ಒಡೆದ ಸದ್ದನ್ನು ಪಡೆದೆ. ಮರುವರ್ಷ ಸುಮಾರು 2,500 ರೂಪಾಯಿಯ ಸೌಂಡ್ ಕಾರ್ಡ್ (ಮಿಕ್ಸರಿನ ಸದ್ದನ್ನು ಲ್ಯಾಪ್‌ಟಾಪಿಗೆ ಒಯ್ಯುವ ಸಾಧನ) ತಂದೆನಾದರೂ, ಸ್ಪೀಕರಿಗೆ ಹೋಗುವ ಮಾಸ್ಟರ್ ಔಟ್‌ನಿಂದಲೇ ತೆಗೆದದ್ದರಿಂದ, ಓಣಿಯ ಹಿರಿಯರು ಬೈದಾಗಲೆಲ್ಲ ನಾನು ಗುಂಡಿ ಇಳಿಸಿದ್ದು ರೆಕಾರ್ಡಿಂಗಿನಲ್ಲಿಯೂ ಉಳಿಯಿತು. ಆ ಗುಂಡಿಯ ಹಂಗಿಲ್ಲದೆ ರೆಕಾರ್ಡಿಂಗಿಗೆಂದೇ ಇರುವ ರೆಕ್ ಔಟ್ ಪಕ್ಕದಲ್ಲಿಯೇ ಇತ್ತು. ಚಾರ್ಜರ್ ಸಿಕ್ಕಿಸಿದೊಡನೆ ಬರುತ್ತಿದ್ದ ಗುಂಯ್ ಸದ್ದು ತಂತಿಯಲ್ಲಿ ನುಸುಳುವ ಕರೆಂಟಿನ ಗದ್ದಲ ತಡೆಯುವ, ಸುಮಾರು 400 ರೂಪಾಯಿಯ ಐಸೊಲೇಟರಿನಿಂದ ಹೋಯಿತು.

ಹೆಚ್ಚು ನೋಯಿಸಿದ್ದು ಕಂಪ್ರೆಸರ್, ಅಂದರೆ ಒಂದು ಮಟ್ಟ ದಾಟಿದ ಸದ್ದನ್ನು ತಾನೇ ತಗ್ಗಿಸುವ ಸಾಧನ. ದಾಟಿದ ಸದ್ದನ್ನು ಬಲವಾಗಿ ತಗ್ಗಿಸುವ 8:1 ಅನುಪಾತಕ್ಕೆ 1 ಮಿಲಿಸೆಕೆಂಡಿನ ಅಟ್ಯಾಕ್ (ತಗ್ಗಿಸಲು ತೆಗೆದುಕೊಳ್ಳುವ ಸಮಯ) ಇಟ್ಟಾಗ ಹಲಗಿಯ ಕೋಲಿನ ಮೊದಲ ಪೆಟ್ಟು ಸತ್ತು, ತೊಗಲಿನ ಬದಲು ರಟ್ಟಿನ ಪೆಟ್ಟಿಗೆ ಬಡಿದಂತೆ ಕೇಳುತ್ತಿತ್ತು. ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಬಿದ್ದಾಗಲೆಲ್ಲ ಹಾಡುಗಾರನ ದನಿ ಕುಸಿದು ಮತ್ತೆ ಏಳುತ್ತಿತ್ತು.

ಈ ವರ್ಷ ಸುಮಾರು 7,000 ರೂಪಾಯಿಗೆ ಸಣ್ಣ ಸದ್ದನ್ನೂ ಸೂಕ್ಷ್ಮವಾಗಿ ಹಿಡಿಯುವ ಹಳೆಯ 24 ಬಿಟ್ ರೆಕಾರ್ಡರ್ ಕೊಂಡೆ. ಪ್ರತಿ ಹಾಡಿನ ಟ್ರಿಮ್ಮನ್ನು (ಮಿಕ್ಸರಿಗೆ ಬರುವ ಸದ್ದಿನ ಮಟ್ಟ) ಅದರ ಅತಿ ಜೋರಿನ ಭಾಗ ಕೇಳಿಯೇ ಹೊಂದಿಸಿ, ಪೀಕ್ (ಸದ್ದಿನ ತುತ್ತತುದಿ) ಸದ್ದು ಒಡೆಯುವ ಸೊನ್ನೆಗಿಂತ ಕೆಳಗೆ, ಮೈನಸ್ 10ರಿಂದ ಮೈನಸ್ 6 ಡಿಬಿ (ಡೆಸಿಬಲ್) ಒಳಗೆ ನಿಲ್ಲಿಸಿದೆ. 24 ಬಿಟ್ ಆದ್ದರಿಂದ ಆಮೇಲೆ ಎತ್ತಿದಾಗ ಬುಸುಗುಟ್ಟುವ ಸದ್ದು ಮೇಲೆ ಬರಲಿಲ್ಲ. ಬಳಿಕ ಮನೆಯಲ್ಲಿ 2:1 ಅನುಪಾತ, 30 ಮಿಲಿಸೆಕೆಂಡಿನ ಅಟ್ಯಾಕ್, 150 ಮಿಲಿಸೆಕೆಂಡಿನ ಆಸುಪಾಸಿನ ರಿಲೀಸ್ (ತಗ್ಗಿದ ಸದ್ದು ಮರಳುವ ಸಮಯ) ಇಟ್ಟು, ಕಂಪ್ರೆಸರ್ ಸದ್ದನ್ನು 2-3 ಡಿಬಿಗಿಂತ ಹೆಚ್ಚು ತಗ್ಗಿಸದಂತೆ ಮೀಟರಿನಲ್ಲಿ ನೋಡಿಕೊಂಡೆ. ಯಾವ ಪೀಕೂ ಮಿತಿ ದಾಟದಂತೆ ತಡೆಯುವ ಕೊನೆಯ ಲಿಮಿಟರಿನ ಮಿತಿಯನ್ನು ಮೈನಸ್ 1 ಡಿಬಿಗೆ ಕಟ್ಟಿದೆ, ಏಕೆಂದರೆ ಎಂಪಿ3 ಮಾಡುವಾಗ ಪೀಕುಗಳು ತುಸು ಮೇಲೇಳುತ್ತವೆ. ಯೂಟ್ಯೂಬ್ ಹೇಗೂ ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಜೋರಿನ ಅಳತೆ) ಸುತ್ತಮುತ್ತಲಿಗೆ ಇಳಿಸುವುದರಿಂದ, ಅದಕ್ಕಿಂತ ಬಹಳ ಮೇಲೆ ಹಿಂಡುವ ಹಟವನ್ನು ಬಿಟ್ಟೆ.

ನಡುವೆ ಮಾಳಿಗೆಯ ಮೇಲೊಂದು ಮೈಕ್ ಇಟ್ಟು ಮಂದಿಯ ಕೇಕೆಯನ್ನು ಹಿಡಿದು ನೋಡಿದೆ. ಸ್ಪೀಕರಿನಿಂದ ಹತ್ತು ಮೀಟರ್ ದೂರವಿದ್ದುದರಿಂದ ಸದ್ದು ಸುಮಾರು 30 ಮಿಲಿಸೆಕೆಂಡ್ ತಡವಾಗಿ ಹಲಗಿ ಎರಡೆರಡು ಸಲ ಬಡಿದಂತಾಯಿತು. ಆ ಟ್ರ್ಯಾಕನ್ನು ಅಷ್ಟೇ ಹೊತ್ತು ಮೊದಲೇ ಬರುವಂತೆ ಸರಿಸಿ, ತೀರ ಸಣ್ಣಗೆ ಬೆರೆಸಿದಾಗ ಹೊಂದಿಕೊಂಡಿತು. ಹಲಗಿಯೊಂದನ್ನೇ ಮುಂದೆ ತರಲು ಕಂಪ್ರೆಸರಿಗಿಂತ ಮೊದಲು ನಾನು ಮಾಡುವ ಇನ್ನೊಂದು ಕೆಲಸವಿದೆ. ಮುಂದಿನ ಹೋಳಿಯ ಆರ್ಡರುಗಳು ಮುಗಿಯುವವರೆಗೆ ಅದು ನನ್ನಲ್ಲಿಯೇ ಇರಲಿ.