ಮೈಕ್ರೋವೇವ್ ತಿರುಗುತ್ತದೆ, ಬಿಸಿ ಮಾತ್ರ ಆಗಲ್ಲ

ಲೈಟ್ ಹತ್ತುತ್ತದೆ, ಪ್ಲೇಟ್ ತಿರುಗುತ್ತದೆ, ಅನ್ನ ಮಾತ್ರ ತಣ್ಣಗೇ ಇರುತ್ತದೆ. ಹುಬ್ಬಳ್ಳಿಯ ನನ್ನ ಅಂಗಡಿಗೆ ಬರುವ ಮೈಕ್ರೋವೇವ್‌ಗಳಲ್ಲಿ ಈ ದೂರೇ ಜಾಸ್ತಿ. ಮೊನ್ನೆ ಧಾರವಾಡದ ಒಬ್ಬ ಅಕ್ಕ ತಂದಿದ್ದರು. "ಅಣ್ಣಾರ, ಮ್ಯಾಗ್ನೆಟ್ರಾನ್ ಹೋಗೇತಂತ್ರಿ, ಹೊಸಾದ ತಗೋರಿ ಅಂದ್ರು" ಎಂದರು. ಮ್ಯಾಗ್ನೆಟ್ರಾನ್ ಅಂದರೆ ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಭಾಗ. ಹಾಗೆ ಹೇಳಿದವರು ಕವರ್ ಕೂಡ ಬಿಚ್ಚಿ ನೋಡಿರಲಿಲ್ಲ.

ಒಳಗೆ ನೀರಿಟ್ಟು ಆನ್ ಮಾಡಿದೆ. ಗುಂಯ್ ಅನ್ನುವ ಸದ್ದು ಎಂದಿಗಿಂತ ಜೋರಾಗಿತ್ತು. ತಕ್ಷಣ ಆಫ್ ಮಾಡಿದೆ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಹಾಗೆ ಒದ್ದಾಡಿದರೆ ನನ್ನ ಮೊದಲ ಅನುಮಾನ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇಲ್ಲವೇ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಮೇಲೆ.

ಇಲ್ಲಿ ಅವಸರ ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಚಾರ್ಜ್ ಇಳಿಸಲೆಂದೇ ಅದರೊಳಗೆ ಒಂದು ರೆಸಿಸ್ಟರ್ ಇರುತ್ತದೆ ನಿಜ, ಆದರೆ ಅದು ಸುಟ್ಟಿದ್ದರೆ ಹೊರಗಿನಿಂದ ಗೊತ್ತಾಗಲ್ಲ, ಹಾಗಾಗಿ ನಾನು ಅದನ್ನು ನಂಬುವುದೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಒಳ್ಳೆಯ ಇನ್ಸುಲೇಷನ್ ಹಿಡಿಕೆ ಇರುವ, ನಡುವೆ ದೊಡ್ಡ ರೆಸಿಸ್ಟರ್ ಕೂಡಿಸಿದ ವೈರ್‌ನಿಂದ ಎರಡೂ ಟರ್ಮಿನಲ್ ಮುಟ್ಟಿಸುತ್ತೇನೆ. ಆಮೇಲೆ ಅದೇ ವೈರ್‌ನಿಂದ ಒಂದೊಂದು ಟರ್ಮಿನಲ್ಲನ್ನೂ ಓವನ್‌ನ ಲೋಹದ ಮೈಗೆ ಮುಟ್ಟಿಸುತ್ತೇನೆ. ಕೊನೆಗೆ ಇನ್ಸುಲೇಟೆಡ್ ಸ್ಕ್ರೂಡ್ರೈವರ್‌ನಿಂದ ಮತ್ತೊಮ್ಮೆ ಶಾರ್ಟ್ ಮಾಡಿ ಖಾತ್ರಿ ಮಾಡಿಕೊಂಡೇ ಕೈ ಹಾಕುವುದು.

ಡಯೋಡ್ ಬಿಚ್ಚಿ ಮೀಟರ್ ಇಟ್ಟರೆ ಎರಡೂ ಕಡೆ ಬೀಪ್. ಪೂರ್ತಿ ಶಾರ್ಟ್, ಅಂದರೆ ಎರಡೂ ದಿಕ್ಕಿಗೆ ಕರೆಂಟ್ ಹರಿಯುತ್ತಿದೆ. ಚೆನ್ನಾಗಿರುವ ಡಯೋಡ್ ಕೂಡ ಸಾದಾ ಮಲ್ಟಿಮೀಟರ್‌ಗೆ ಎರಡೂ ಕಡೆ ಓಪನ್ (ಕರೆಂಟ್ ಹರಿಯದಂತೆ) ಅಂತಲೇ ಕಾಣಬಹುದು, ಅದಕ್ಕೆ ಸುಮ್ನೆ ಬಿಸಾಡಬೇಡಿ. 9 ವೋಲ್ಟ್ ಬ್ಯಾಟರಿ, ಡಯೋಡ್, ಮೀಟರ್ ಮೂರನ್ನೂ ಸಾಲಾಗಿ ಜೋಡಿಸಿ ಡಿಸಿ ವೋಲ್ಟ್‌ನಲ್ಲಿ ನೋಡಿ. ಒಂದು ಕಡೆ ಮಾತ್ರ ವೋಲ್ಟೇಜ್ ತೋರಿಸಬೇಕು.

ಮ್ಯಾಗ್ನೆಟ್ರಾನ್ ಅನ್ನೂ ನೋಡಿದೆ. ಅದರೊಳಗಿನ ತಂತಿ, ಅಂದರೆ ಫಿಲಮೆಂಟ್, 1 ಓಮ್‌ಗಿಂತ ಕಡಿಮೆ ತೋರಿಸಿತು, ಲೋಹದ ಮೈಗೆ ಎಲ್ಲೂ ತಾಗಿಲ್ಲ, ಹಾಗಾಗಿ ಅದು ಸರಿ. ಕೆಪಾಸಿಟರ್ ಕೂಡ ಸರಿಯಾಗಿತ್ತು. ಅದೇ ರೇಟಿಂಗ್‌ನ ಹೊಸ ಡಯೋಡ್ ಹಾಕಿದೆ, ಓವನ್‌ನ ಲೋಹದ ಮೈಗೆ ಹೋಗುವ ತುದಿ ಹಳೆಯದರಂತೆಯೇ. ತಿರುವುಮುರುವಾದರೆ ಬಿಸಿಯಾಗಲ್ಲ. ಒಳಗೋಡೆಯಲ್ಲಿ ಅಲೆಗಳು ಬರುವ ಜಾಗ ಮುಚ್ಚುವ ತೆಳು ಹಾಳೆ, ಮೈಕಾ ಶೀಟ್‌ಗೆ ಒಗ್ಗರಣೆ ಎಣ್ಣೆ ಸಿಡಿದು ಕರಕಲಾಗಿತ್ತು, ಅದನ್ನೂ ಬದಲಿಸಿದೆ. ಇಲ್ಲದಿದ್ದರೆ ಮುಂದೆ ಅಲ್ಲೇ ಕಿಡಿ ಹಾರುತ್ತದೆ.

ಕವರ್ ಹಾಕಿದ ಮೇಲೆಯೇ ಟೆಸ್ಟ್. 1 ಲೀಟರ್ ನೀರು 1 ನಿಮಿಷಕ್ಕೆ ಸುಮಾರು 10 ಡಿಗ್ರಿ ಏರಿದರೆ 700 ವ್ಯಾಟ್ ಸಿಗುತ್ತಿದೆ ಎಂದರ್ಥ. ಏರಿತು. ಅಲೆಗಳು ಹೊರಗೆ ಸೋರುತ್ತಿವೆಯೇ ಎಂದು ಬಾಗಿಲ ಸುತ್ತ ಲೀಕೇಜ್ ಮೀಟರ್ ಹಿಡಿದು ನೋಡಿ ವಾಪಸ್ ಕೊಟ್ಟೆ. ಬಾಗಿಲೇ ಸೊಟ್ಟಗಿದ್ದರೆ, ಅಥವಾ ಬಾಗಿಲು ತೆರೆದಾಗ ಓವನ್ ನಿಲ್ಲಿಸುವ ಸ್ವಿಚ್‌ಗಳನ್ನು ಯಾರೋ ವೈರ್ ಹಾಕಿ ನೇರ ಮಾಡಿದ್ದರೆ, ಅವನ್ನು ಸರಿ ಮಾಡದೆ ಆ ಓವನ್‌ಗೆ ನಾನು ಕರೆಂಟ್ ಕೊಡುವುದಿಲ್ಲ.